‘ಹೋಗಿದ್ದೆ’ ಅಂದ್ರೆ ‘ಹ್ಯಾಡ್ ಗಾನ್’ ಅಲ್ಲ: ಇಂಗ್ಲಿಷ್‌ನಲ್ಲಿ ಟೆನ್ಸ್ ಆರಿಸೋದು, ಪದ ಕೂರಿಸೋದು

ಡಿಗ್ರಿ ಮುಗಿದ ಮೇಲೆ ನಾನು ಹೋದ ಮೊದಲ ಇಂಟರ್ವ್ಯೂ. ಮೇಜಿನ ಆ ಕಡೆ ಕೂತವರು ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದರು. ಹಿಂದಿನ ರಾತ್ರಿಯೆಲ್ಲ ಕನ್ನಡಿ ಮುಂದೆ ನಿಂತು ಉರು ಹೊಡೆದಿದ್ದೆ. ‘ಐ ಹ್ಯಾಡ್ ಕಂಪ್ಲೀಟೆಡ್ ಮೈ ಬಿಕಾಂ ಇನ್ ದಾವಣಗೆರೆ’ ಅಂದೆ. ಅವರು ಪೆನ್ನು ಕೆಳಗಿಟ್ಟು, ‘ಹ್ಯಾಡ್ ಕಂಪ್ಲೀಟೆಡ್... ಬಿಫೋರ್ ವಾಟ್?’ ಅಂತ ಕೇಳಿದರು. ಯಾವುದಕ್ಕಿಂತ ಮೊದಲು ಮುಗಿಸಿದ್ದೆ? ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಸುಮ್ನೆ ನಕ್ಕೆ. ಕೆಲಸ ಸಿಗಲಿಲ್ಲ. ಅದೊಂದೇ ಕಾರಣಕ್ಕೆ ಅಂತ ಹೇಳಲ್ಲ, ಆದ್ರೆ ಆ ‘ಬಿಫೋರ್ ವಾಟ್’ ಇವತ್ತಿಗೂ ಕಿವಿಯಲ್ಲಿದೆ.

ಈಗ ದಾವಣಗೆರೆಯಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬ್ಯಾಂಕ್ ಪರೀಕ್ಷೆ, ಕೇಂದ್ರ ಸರ್ಕಾರಿ ಕೆಲಸದ ಎಸ್‌ಎಸ್‌ಸಿ ಪರೀಕ್ಷೆ, ಇಂಟರ್ವ್ಯೂ, ಹೀಗೆ ಒಬ್ಬೊಬ್ಬರದು ಒಂದೊಂದು ಗಡಿಬಿಡಿ. ಎಲ್ಲರ ತಪ್ಪೂ ಹತ್ತಿರ ಹತ್ತಿರ ಒಂದೇ. ಯಾಕಂದ್ರೆ ಎಲ್ಲರ ತಲೆಯಲ್ಲೂ ಮೊದಲು ಹುಟ್ಟೋದು ಕನ್ನಡ ವಾಕ್ಯ. ಅದರಲ್ಲಿ ತಪ್ಪೇನೂ ಇಲ್ಲ. ಕನ್ನಡದ ಯಾವ ರೂಪ ಇಂಗ್ಲಿಷ್‌ನ ಯಾವ ಗುಂಡಿಗೆ ನಮ್ಮನ್ನು ತಳ್ಳುತ್ತೆ ಅಂತ ಗೊತ್ತಿದ್ದರೆ, ಅದೇ ಕನ್ನಡದಿಂದ ತಪ್ಪು ಹಿಡಿಯೋದಕ್ಕೂ ಆಗುತ್ತೆ. ಈ ಬರಹದಲ್ಲಿ ಅದನ್ನೇ ಹಂತ ಹಂತವಾಗಿ ತೋರಿಸುತ್ತೇನೆ.

ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ. ಕಣ್ಣಿಗೆ ಸಿಗದ ತಪ್ಪು ಎಷ್ಟೋ ಸಲ ಕಿವಿಗೆ ಸಿಗುತ್ತೆ.

ಮೊದಲು: ಹನ್ನೆರಡು ಟೆನ್ಸಿನ ಪಟ್ಟಿ ಪಕ್ಕಕ್ಕಿಡಿ

ಗೈಡ್ ಪುಸ್ತಕಗಳಲ್ಲಿ ಹನ್ನೆರಡು ಟೆನ್ಸಿನ ಚೌಕಳಿ ಇರುತ್ತೆ. ಅದನ್ನು ಬಾಯಿಪಾಠ ಮಾಡಿದವರನ್ನು ಬಹಳ ಜನರನ್ನು ನೋಡಿದ್ದೇನೆ. ಕೇಳಿದರೆ ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್‌ವರೆಗೆ ಪಟಪಟ ಹೇಳುತ್ತಾರೆ. ‘ನಿನ್ನೆ ದುರ್ಗಕ್ಕೆ ಹೋಗಿದ್ದೆ’ ಅನ್ನೋದನ್ನ ಇಂಗ್ಲಿಷಿಗೆ ಹಾಕಿ ಅಂದರೆ ತಪ್ಪುತ್ತಾರೆ. ದಿನದ ಬಳಕೆಗೆ ಐದಾರು ರೂಪ ಸಾಕು. ಅವನ್ನು ಆರಿಸೋಕೆ ಎರಡೇ ಪ್ರಶ್ನೆ: ಇದು ಯಾವಾಗ ಆಯಿತು? ಈಗಲೂ ಅದರ ಎಳೆ ನಡೀತಿದೆಯಾ, ಕಡಿದು ಹೋಗಿದೆಯಾ?

ವಾಕ್ಯ ಸಿಕ್ಕ ಕೂಡಲೇ ಕ್ರಿಯಾಪದ ನೋಡಬೇಡಿ. ಸಮಯ ಹೇಳುವ ಪದ ಹುಡುಕಿ ಅದಕ್ಕೊಂದು ಸುತ್ತು ಹಾಕಿ. ಯೆಸ್ಟರ್ಡೇ, ಇನ್ 1997, ಸಿನ್ಸ್, ಫಾರ್, ಎವೆರಿ ಡೇ, ಬೈ ದಿ ಟೈಮ್, ಹೀಗೆ ಏನೋ ಒಂದು ಇರುತ್ತೆ. ಅರ್ಧ ಉತ್ತರ ಅಲ್ಲೇ ಇದೆ.

ಹಂತ 1: ‘ಹೋಗಿದ್ದೆ’ ಎಂಬ ಗುಂಡಿ

ನನ್ನನ್ನು ಬೀಳಿಸಿದ್ದು ಇದೇ. ಕನ್ನಡದಲ್ಲಿ ‘ಹೋದೆ’ ಇದೆ, ‘ಹೋಗಿದ್ದೆ’ ಇದೆ. ಹೋಗಿ ವಾಪಸ್ ಬಂದಿದ್ದರೆ, ಕೆಲಸ ಮುಗಿದು ಸ್ವಲ್ಪ ಹೊತ್ತಾಗಿದ್ದರೆ, ನಾವು ಸಹಜವಾಗಿ ‘ಹೋಗಿದ್ದೆ’ ಅನ್ನುತ್ತೇವೆ. ‘ಕಳೆದ ವಾರ ದುರ್ಗಕ್ಕೆ ಹೋಗಿದ್ದೆ, ಕೋಟೆ ನೋಡಿದೆ.’ ಇದರಲ್ಲಿ ಒಂದು ಚೂರೂ ತಪ್ಪಿಲ್ಲ. ಇದನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಇಟ್ಟರೆ ‘ಲಾಸ್ಟ್ ವೀಕ್ ಐ ಹ್ಯಾಡ್ ಗಾನ್ ಟು ಚಿತ್ರದುರ್ಗ’ ಆಗುತ್ತೆ. ಕೇಳುವವರು ಮುಂದಿನ ಘಟನೆಗೆ ಕಾಯುತ್ತಾರೆ. ಹೋಗಿದ್ದೆ, ಆಮೇಲೆ? ಬಿಫೋರ್ ವಾಟ್?

ಇಂಗ್ಲಿಷ್‌ನ ‘ಹ್ಯಾಡ್’ ಒಂಟಿಯಾಗಿ ನಿಲ್ಲಲ್ಲ. ಹಿಂದೆ ನಡೆದ ಎರಡು ಸಂಗತಿ ಇರಬೇಕು, ಅದರಲ್ಲಿ ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಸೇರಬೇಕು. ಎರಡನೇ ಸಂಗತಿ ಅದೇ ವಾಕ್ಯದಲ್ಲಿ ಇಲ್ಲದಿದ್ದರೆ ಹಿಂದಿನ ಮುಂದಿನ ವಾಕ್ಯದಲ್ಲಾದರೂ ಇರಬೇಕು. ಎಲ್ಲೂ ಇಲ್ಲ ಅಂದ್ರೆ ‘ಹ್ಯಾಡ್’ ಬೇಡ. ‘ಲಾಸ್ಟ್ ವೀಕ್ ಐ ವೆಂಟ್ ಟು ಚಿತ್ರದುರ್ಗ.’ ಇಷ್ಟೇ.

ಹಾಗಾದ್ರೆ ‘ಹ್ಯಾಡ್’ ನಿಜವಾಗಿ ಎಲ್ಲಿ ಬೇಕು? ನಮ್ಮ ಮಾರಿಕಣಿವೆ ಡ್ಯಾಮನ್ನೇ, ಅಂದ್ರೆ ವಾಣಿವಿಲಾಸ ಸಾಗರವನ್ನೇ ತಗೊಳ್ಳಿ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಮೊದಲು 89 ವರ್ಷ ಬಿದ್ದಿರಲಿಲ್ಲ. ಕೋಡಿ ಬಿದ್ದದ್ದು ಒಂದು ಸಂಗತಿ, ಅದಕ್ಕೂ ಮೊದಲು ಬೀಳದೇ ಇದ್ದದ್ದು ಇನ್ನೊಂದು. ‘ದಿ ಡ್ಯಾಮ್ ಓವರ್‌ಫ್ಲೋಡ್ ಇನ್ 2022. ಇಟ್ ಹ್ಯಾಡ್ ನಾಟ್ ಓವರ್‌ಫ್ಲೋಡ್ ಫಾರ್ ಎಯ್ಟಿ-ನೈನ್ ಇಯರ್ಸ್.’ ಎರಡನೇ ವಾಕ್ಯದಲ್ಲಿ ‘ಹ್ಯಾಸ್ ನಾಟ್’ ಹಾಕಿದರೆ ಇವತ್ತಿಗೂ ಬಿದ್ದಿಲ್ಲ ಅಂತ ಆಗುತ್ತೆ. ಇಲ್ಲಿ ‘ಹ್ಯಾಡ್’ ತನ್ನ ಕೂಲಿ ತಾನು ದುಡಿಯುತ್ತಿದೆ.

ಇನ್ನೊಂದು ಮಾತು. ‘ಆಫ್ಟರ್’, ‘ಬಿಫೋರ್’ ಇದ್ದರೆ ಯಾವುದು ಮೊದಲು ಅಂತ ಆ ಪದವೇ ಹೇಳುತ್ತೆ. ಅಂಥ ಕಡೆ ‘ಹ್ಯಾಡ್’ ಇಲ್ಲದಿದ್ದರೂ ನಡೆಯುತ್ತೆ. ‘ಐ ಕಾಲ್ಡ್ ಹಿಮ್ ಬಿಫೋರ್ ಐ ಲೆಫ್ಟ್’ ಸರಿಯಾದ ಇಂಗ್ಲಿಷೇ.

ಹಂತ 2: ತಾರೀಖು ಹೇಳಿದರೆ ‘ಹ್ಯಾವ್’ ಬಿಡಿ

‘ನಿನ್ನೆಯೇ ಫಾರಂ ತುಂಬಿದ್ದೇನೆ ಸರ್.’ ಕನ್ನಡಕ್ಕೆ ಸೊಗಸಾಗಿದೆ. ‘ಐ ಹ್ಯಾವ್ ಫಿಲ್ಡ್ ದಿ ಫಾರ್ಮ್ ಯೆಸ್ಟರ್ಡೇ’ ಮಾತ್ರ ತಪ್ಪು. ‘ಹ್ಯಾವ್’ ಅಂದ್ರೆ ಎಳೆ ಈಗಿನವರೆಗೂ ಬಂದಿದೆ. ‘ಯೆಸ್ಟರ್ಡೇ’ ಅಂದ್ರೆ ಆ ಸಮಯ ಮುಗಿದು ಬಾಗಿಲು ಹಾಕಿಯಾಯಿತು. ಎರಡೂ ಒಟ್ಟಿಗೆ ಕೂರಲ್ಲ. ಒಂದನ್ನು ಕೈಬಿಡಿ: ‘ಐ ಫಿಲ್ಡ್ ದಿ ಫಾರ್ಮ್ ಯೆಸ್ಟರ್ಡೇ’ ಅಥವಾ ‘ಐ ಹ್ಯಾವ್ ಫಿಲ್ಡ್ ದಿ ಫಾರ್ಮ್’.

ಇದಕ್ಕೆ ನಾನು ತರಗತಿಯಲ್ಲಿ ಕೊಡೋದು ನಮ್ಮ ಜಿಲ್ಲೆಯದೇ ಉದಾಹರಣೆ. ದಾವಣಗೆರೆ 1997ರಲ್ಲಿ ಜಿಲ್ಲೆ ಆಯಿತು. ಅಲ್ಲಿಯವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಇಷ್ಟರಲ್ಲೇ ಮೂರು ವಾಕ್ಯ ಹುಟ್ಟುತ್ತೆ:

‘ದಾವಣಗೆರೆ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1997.’ ಆದದ್ದು ಒಂದು ದಿನ, ಮುಗಿಯಿತು. ಸಿಂಪಲ್ ಪಾಸ್ಟ್.

‘ದಾವಣಗೆರೆ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997.’ ಅವತ್ತಿನಿಂದ ಇವತ್ತಿನವರೆಗೂ ಜಿಲ್ಲೆಯೇ. ಪ್ರೆಸೆಂಟ್ ಪರ್ಫೆಕ್ಟ್.

‘ಅಂಟಿಲ್ 1997, ದಾವಣಗೆರೆ ವಾಸ್ ಪಾರ್ಟ್ ಆಫ್ ಚಿತ್ರದುರ್ಗ ಡಿಸ್ಟ್ರಿಕ್ಟ್.’ ಇತ್ತು, ಈಗ ಇಲ್ಲ. ಮತ್ತೆ ಸಿಂಪಲ್ ಪಾಸ್ಟ್.

ಬಹಳ ಜನ ಎರಡನೆಯದನ್ನು ‘ದಾವಣಗೆರೆ ಈಸ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997’ ಅಂತ ಬರೆಯುತ್ತಾರೆ. ಅಲ್ಲಿಂದ ನೇರ ಮುಂದಿನ ಗುಂಡಿಗೆ ಬರೋಣ.

ಹಂತ 3: ‘ಐದು ವರ್ಷದಿಂದ’

‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೀನಿ.’ ಕನ್ನಡದಲ್ಲಿ ಕ್ರಿಯಾಪದ ವರ್ತಮಾನದಲ್ಲೇ ಇದೆ. ‘ಇಂದ’ ಅನ್ನೋ ಪ್ರತ್ಯಯವೇ ಹಿಂದಿನಿಂದ ಎಳೆದುಕೊಂಡು ಬರುತ್ತೆ. ಹಾಗಾಗಿ ಬಾಯಿಗೆ ಬರೋದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ಇದರಲ್ಲಿ ಎರಡು ತಪ್ಪು.

ಮೊದಲನೆಯದು ಕ್ರಿಯಾಪದ. ಇಂಗ್ಲಿಷ್‌ನಲ್ಲಿ ಹಿಂದಿನಿಂದ ಎಳೆಯುವ ಕೆಲಸ ಕ್ರಿಯಾಪದದ್ದು. ಆದ್ದರಿಂದ ‘ಹ್ಯಾವ್ ಬೀನ್ ವರ್ಕಿಂಗ್’. ಎರಡನೆಯದು ‘ಸಿನ್ಸ್’. ನಮ್ಮ ‘ಇಂದ’ ಎರಡಕ್ಕೂ ಆಗುತ್ತೆ: ‘ಸೋಮವಾರದಿಂದ’, ‘ಮೂರು ದಿನದಿಂದ’. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತೆ. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸೋಕೆ ಆಗುವಂಥದ್ದು ‘ಸಿನ್ಸ್’. ಬೆರಳು ಮಡಚಿ ಎಣಿಸೋದು ‘ಫಾರ್’. ಸೋಮವಾರವನ್ನು ತೋರಿಸಬಹುದು, ಮೂರು ದಿನವನ್ನು ಎಣಿಸಬೇಕು. ‘ಸಿನ್ಸ್ ಮಂಡೇ’, ‘ಫಾರ್ ಥ್ರೀ ಡೇಸ್’. ಬೆರಳಿನ ಈ ಲೆಕ್ಕ ಒಂದು ಸಲ ಕೂತರೆ ಆಮೇಲೆ ತಪ್ಪಲ್ಲ.

ಹಂತ 4: ದಿನಾ ಮಾಡೋದಕ್ಕೆ ‘ವಿಲ್’ ಬೇಡ

‘ದಿನಾ ಆರಕ್ಕೆ ಏಳ್ತೀನಿ.’ ‘ನಾಳೆ ಆರಕ್ಕೆ ಏಳ್ತೀನಿ.’ ಎರಡಕ್ಕೂ ಒಂದೇ ‘ಏಳ್ತೀನಿ’. ಪುಸ್ತಕದಲ್ಲಿ ‘ಏಳುವೆನು’ ಇದೆ, ಆದ್ರೆ ಯಾರ ಮನೆಯಲ್ಲೂ ಹಾಗೆ ಮಾತಾಡಲ್ಲ. ಇದರಿಂದ ಬರೋ ತಪ್ಪು: ‘ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್’. ಇಂಟರ್ವ್ಯೂನಲ್ಲಿ ‘ವಾಟ್ ಡು ಯು ಡು’ ಅಂದರೆ ‘ಐ ವಿಲ್ ಗೋ ಟು ಲೈಬ್ರರಿ, ಐ ವಿಲ್ ರೀಡ್ ಪೇಪರ್’ ಅಂತ ಶುರು. ಕೇಳಿದವರಿಗೆ ಇವರು ಇನ್ನೂ ಏನೂ ಶುರುವೇ ಮಾಡಿಲ್ಲ, ಮುಂದೆ ಮಾಡ್ತಾರಂತೆ ಅನಿಸುತ್ತೆ.

ವಾಕ್ಯದಲ್ಲಿ ‘ನಾಳೆ’ ಸೇರಿಸಿ ನೋಡಿ. ಅರ್ಥ ಕೆಡದೆ ಕೂತರೆ ‘ವಿಲ್’. ‘ದಿನಾ’ ಕೂತರೆ ಬರೀ ಕ್ರಿಯಾಪದ: ‘ಐ ಗೆಟ್ ಅಪ್ ಅಟ್ ಸಿಕ್ಸ್ ಎವೆರಿ ಡೇ’.

‘ಇಫ್’, ‘ವೆನ್’ ಜೊತೆಗೂ ಇದೇ ಕಾಯಿಲೆ. ‘ಇಫ್ ಇಟ್ ವಿಲ್ ರೇನ್, ಐ ವಿಲ್ ನಾಟ್ ಕಮ್.’ ಕನ್ನಡದಲ್ಲಿ ಇದನ್ನು ಹೇಗೆ ಹೇಳ್ತೀವಿ? ‘ಮಳೆ ಬಂದರೆ ಬರಲ್ಲ.’ ನಾಳೆಯ ಮಳೆಗೆ ನಾವು ‘ಬಂದರೆ’ ಅಂತೀವಿ. ಅದರಲ್ಲಿರೋದು ‘ಬಂದ’, ಅಂದ್ರೆ ಭೂತಕಾಲದ ರೂಪ! ಅಲ್ಲಿ ಭವಿಷ್ಯದ ಸುಳಿವೇ ಇಲ್ಲ. ಕನ್ನಡವೇ ಹಾಕದ ಭವಿಷ್ಯವನ್ನು ಇಂಗ್ಲಿಷಿಗೆ ಯಾಕೆ ತುರುಕಬೇಕು? ‘ಇಫ್ ಇಟ್ ರೇನ್ಸ್, ಐ ವಿಲ್ ನಾಟ್ ಕಮ್.’ ‘ವೆನ್ ಐ ರೀಚ್ ಹರಿಹರ, ಐ ವಿಲ್ ಕಾಲ್ ಯು.’ ‘ವಿಲ್’ ಒಂದೇ ಕಡೆ, ಎರಡನೇ ತುಂಡಿನಲ್ಲಿ.

‘ಡಿಡ್’ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ಹಿ ಡಿಡ್‌ನಾಟ್ ಕೇಮ್’ ಅನ್ನುವವರು ‘ಬರಲಿಲ್ಲ’ ಅನ್ನೋದನ್ನ ನೆನೆಸಿಕೊಳ್ಳಲಿ. ‘ಬಂದಲಿಲ್ಲ’ ಅಂತೀವಾ? ಇಲ್ಲ ಅಲ್ವಾ. ಅಲ್ಲೂ ‘ಬರ’ ಬರಿದಾಗಿದೆ, ಇಲ್ಲೂ ‘ಕಮ್’ ಬರಿದಾಗಿರಬೇಕು.

ಹಂತ 5: ಎಲ್ಲಕ್ಕೂ ಐಎನ್‌ಜಿ ಹಚ್ಚಬೇಡಿ

‘ಅರ್ಥ ಆಗ್ತಿಲ್ಲ’, ‘ಕೇಳಿಸ್ತಿಲ್ಲ’ ಇವು ಕನ್ನಡದಲ್ಲಿ ನಡೆಯುತ್ತಿರುವ ಕ್ರಿಯೆಗಳು. ಹಾಗಾಗಿ ಫೋನಿನಲ್ಲಿ ‘ಐ ಆಮ್ ನಾಟ್ ಹಿಯರಿಂಗ್’ ಅಂತ ಬಂದುಬಿಡುತ್ತೆ. ಇಂಗ್ಲಿಷ್‌ನಲ್ಲಿ ತಿಳಿಯೋದು, ಬೇಕು ಅನ್ನಿಸೋದು, ಇರೋದು, ಇಷ್ಟ ಆಗೋದು ಇವೆಲ್ಲ ಸ್ಥಿತಿಗಳು. ಇವಕ್ಕೆ ಸಾಮಾನ್ಯವಾಗಿ ಐಎನ್‌ಜಿ ಹತ್ತಲ್ಲ. ‘ಐ ಕಾಂಟ್ ಹಿಯರ್ ಯು’, ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’, ‘ಐ ಹ್ಯಾವ್ ಟೂ ಬ್ರದರ್ಸ್’. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಮಾತ್ರ ಕನ್ನಡದ ತಪ್ಪಲ್ಲ, ಯಾಕಂದ್ರೆ ನಾವು ‘ಇಬ್ಬರು ತಮ್ಮಂದಿರು ಇದ್ದಾರೆ’ ಅಂತಷ್ಟೇ ಅಂತೀವಿ. ಐಎನ್‌ಜಿ ಹಚ್ಚಿದರೆ ಇಂಗ್ಲಿಷ್ ಘನವಾಗಿ ಕೇಳುತ್ತೆ ಅನ್ನೋ ಭ್ರಮೆಯಿಂದ ಬಂದದ್ದು ಅಂತ ನನ್ನ ಅನಿಸಿಕೆ. ‘ಹ್ಯಾವಿಂಗ್ ಲಂಚ್’ ಸರಿ. ಅಲ್ಲಿ ‘ಹ್ಯಾವ್’ ಅಂದ್ರೆ ತಿನ್ನೋದು, ಇಟ್ಟುಕೊಂಡಿರೋದಲ್ಲ.

ಹಂತ 6: ಇಂಗ್ಲಿಷ್‌ನಲ್ಲಿ ಜಾಗವೇ ಪ್ರತ್ಯಯ

ಟೆನ್ಸ್ ಇಲ್ಲಿಗೆ ಸಾಕು. ಈಗ ಮಾಡಿಫೈಯರ್, ಅಂದ್ರೆ ಇನ್ನೊಂದು ಪದವನ್ನು ಬಣ್ಣಿಸುವ, ಬಿಗಿ ಮಾಡುವ ಪದ ಅಥವಾ ಪದಗಳ ಗುಂಪು.

ಕನ್ನಡದಲ್ಲಿ ಯಾರು ಯಾರಿಗೆ ಸೇರಿದವರು ಅಂತ ಹೇಳೋದು ಬಾಲದಲ್ಲಿರುವ ಪ್ರತ್ಯಯ. ‘ಓಬವ್ವ ಒನಕೆಯಿಂದ ಸೈನಿಕರನ್ನು ಹೊಡೆದಳು.’ ಪದಗಳನ್ನು ಹೇಗೆ ಬೇಕಾದರೂ ಕಲಸಿ: ‘ಸೈನಿಕರನ್ನು ಓಬವ್ವ ಒನಕೆಯಿಂದ ಹೊಡೆದಳು’, ‘ಒನಕೆಯಿಂದ ಹೊಡೆದಳು ಓಬವ್ವ ಸೈನಿಕರನ್ನು’. ಪೆಟ್ಟು ತಿಂದವರು ಸೈನಿಕರೇ. ಇಂಗ್ಲಿಷ್‌ನಲ್ಲಿ ‘ಓಬವ್ವ ಹಿಟ್ ದಿ ಸೋಲ್ಜರ್ಸ್’ ಅನ್ನೋದನ್ನ ‘ದಿ ಸೋಲ್ಜರ್ಸ್ ಹಿಟ್ ಓಬವ್ವ’ ಅಂತ ತಿರುಗಿಸಿದರೆ ಇತಿಹಾಸವೇ ತಲೆಕೆಳಗಾಗುತ್ತೆ. ಇಂಗ್ಲಿಷ್ ಪದಕ್ಕೆ ಬಾಲ ಇಲ್ಲ, ಅದು ನಿಂತ ಜಾಗವೇ ಬಾಲ. ಹಾಗಾಗಿ ಬಣ್ಣಿಸುವ ಪದ ತಾನು ಬಣ್ಣಿಸುವುದರ ಪಕ್ಕದಲ್ಲೇ ಇರಬೇಕು. ದೂರ ಹೋದರೆ ಹತ್ತಿರ ಸಿಕ್ಕ ಯಾರಿಗೋ ಅಂಟಿಕೊಳ್ಳುತ್ತೆ.

ವಿದ್ಯಾರ್ಥಿಗಳು ಜಾಸ್ತಿ ಇರುವ ಬಡಾವಣೆಯೊಂದರಲ್ಲಿ ಒಂದು ಬೋರ್ಡ್ ನೋಡಿದ್ದೆ: ‘ರೂಮ್ ಫಾರ್ ಸ್ಟೂಡೆಂಟ್ಸ್ ವಿತ್ ಅಟ್ಯಾಚ್ಡ್ ಬಾತ್‌ರೂಮ್’. ಬಾತ್‌ರೂಮ್ ಹೊತ್ತುಕೊಂಡು ಬರುವ ವಿದ್ಯಾರ್ಥಿಗಳಿಗೆ ಮಾತ್ರ ರೂಮ್ ಅಂತೆ! ‘ರೂಮ್ ವಿತ್ ಅಟ್ಯಾಚ್ಡ್ ಬಾತ್‌ರೂಮ್ ಫಾರ್ ಸ್ಟೂಡೆಂಟ್ಸ್’ ಅಂದಿದ್ದರೆ ಸರಿಹೋಗುತ್ತಿತ್ತು. ಬೋರ್ಡಿನವರನ್ನು ಬೈಯುವಂತಿಲ್ಲ. ಅವರ ತಲೆಯಲ್ಲಿದ್ದದ್ದು ‘ಅಟ್ಯಾಚ್ಡ್ ಬಾತ್‌ರೂಮ್ ಇರುವ ರೂಮು’. ಕನ್ನಡದಲ್ಲಿ ‘ಇರುವ’ ಅನ್ನೋದು ರೂಮಿನ ಕೈ ಹಿಡಿದೇ ನಿಂತಿದೆ. ‘ವಿತ್’ ಬರೆಯುವಾಗ ಆ ಕೈ ಬಿಟ್ಟುಹೋಯಿತು.

‘ವಿಚ್’, ‘ಹೂ’ ವಿಷಯವೂ ಇದೇ. ‘ಐ ಕೆಪ್ಟ್ ದಿ ದೋಸೆ ಇನ್ ದಿ ಕಾರ್ ವಿಚ್ ವಾಸ್ ಹಾಟ್.’ ಬಿಸಿ ಇದ್ದದ್ದು ದೋಸೆಯೋ ಕಾರೋ? ಬಿಸಿಲಲ್ಲಿ ನಿಂತ ಕಾರು ಅಂತಲೇ ಓದಿದವರು ತಿಳಿಯುತ್ತಾರೆ. ‘ಐ ಕೆಪ್ಟ್ ದಿ ಹಾಟ್ ದೋಸೆ ಇನ್ ದಿ ಕಾರ್.’ ಮುಗಿಯಿತು. ‘ವಿಚ್’ ಬರೆಯುವ ಮುನ್ನ ಅದನ್ನು ಕನ್ನಡದ ‘ಬಿಸಿಯಾದ’, ‘ನಿನ್ನೆ ತಂದ’ ತರಹದ ರೂಪಕ್ಕೆ ತನ್ನಿ. ಅದು ಯಾವ ಪದದ ಮುಂದೆ ಕೂರುತ್ತೋ, ಇಂಗ್ಲಿಷ್‌ನಲ್ಲಿ ‘ವಿಚ್’ ಆ ಪದದ ಹಿಂದೆಯೇ ಕೂರಬೇಕು.

ಹಂತ 7: ‘ಓನ್ಲಿ’ ಎಲ್ಲಿ?

ಈ ಒಂದು ಪದಕ್ಕೆ ನಾನು ಒಂದು ಇಡೀ ಸಂಜೆ ಕೊಡುತ್ತೇನೆ. ನಮ್ಮ ‘ಮಾತ್ರ’, ‘ಅಷ್ಟೇ’ ಪದದ ಹಿಂದೆ ಅಂಟುತ್ತವೆ. ‘ಓನ್ಲಿ’ ಪದದ ಮುಂದೆ ಕೂರುತ್ತೆ. ದಿಕ್ಕೇ ಉಲ್ಟಾ. ಇದನ್ನು ಮರೆತಾಗಲೇ ‘ಐ ವಾಂಟ್ ಟೀ ಓನ್ಲಿ’, ‘ಐ ಕೇಮ್ ಯೆಸ್ಟರ್ಡೇ ಓನ್ಲಿ’ ಬರೋದು.

ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ವಾಕ್ಯ: ‘ಐ ಏಟ್ ಬೆಣ್ಣೆ ದೋಸೆ ಯೆಸ್ಟರ್ಡೇ’. ಈಗ ‘ಓನ್ಲಿ’ಯನ್ನು ಒಂದೊಂದೇ ಹೆಜ್ಜೆ ಸರಿಸಿ.

‘ಓನ್ಲಿ ಐ ಏಟ್ ಬೆಣ್ಣೆ ದೋಸೆ ಯೆಸ್ಟರ್ಡೇ.’ ನಾನು ಮಾತ್ರ ತಿಂದೆ. ಜೊತೆಗಿದ್ದವರು ಖಾಲಿ ದೋಸೆಗೆ ಹೋದರು.

‘ಐ ಓನ್ಲಿ ಏಟ್ ಬೆಣ್ಣೆ ದೋಸೆ ಯೆಸ್ಟರ್ಡೇ.’ ನಾನು ತಿಂದೆ ಅಷ್ಟೇ. ದುಡ್ಡು ಕೊಟ್ಟವರು ಬೇರೆ.

‘ಐ ಏಟ್ ಓನ್ಲಿ ಬೆಣ್ಣೆ ದೋಸೆ ಯೆಸ್ಟರ್ಡೇ.’ ಬೆಣ್ಣೆ ದೋಸೆ ಮಾತ್ರ. ಮಂಡಕ್ಕಿ ಮೆಣಸಿನಕಾಯಿ ಮುಟ್ಟಲಿಲ್ಲ.

‘ಐ ಏಟ್ ಬೆಣ್ಣೆ ದೋಸೆ ಓನ್ಲಿ ಯೆಸ್ಟರ್ಡೇ.’ ನಿನ್ನೆಯಷ್ಟೇ ತಿಂದಿದ್ದೇನೆ, ಇವತ್ತೂ ಬೇಡಪ್ಪ.

ಪದಗಳೆಲ್ಲ ಅವೇ, ಹೇಳಿದ್ದು ಮಾತ್ರ ನಾಲ್ಕು ಬೇರೆ ಮಾತು. ಹಾಗಂತ ಇಂಗ್ಲಿಷ್ ಮನೆಮಾತಿನವರು ಮಾತಾಡುವಾಗ ಇಷ್ಟು ಕಟ್ಟುನಿಟ್ಟಾಗಿರಲ್ಲ. ಅವರು ಎರಡನೇ ರೀತಿಯಲ್ಲೇ ಹೇಳಿ, ದನಿಯ ಒತ್ತಿನಿಂದ ಮೂರನೇ ಅರ್ಥ ಕೊಡುತ್ತಾರೆ. ಬರಹದಲ್ಲಿ ದನಿ ಇಲ್ಲವಲ್ಲ. ಪರೀಕ್ಷೆಯಲ್ಲೂ, ಪತ್ರದಲ್ಲೂ ‘ಓನ್ಲಿ’ಯನ್ನು ಅದರ ಪದದ ಮುಂದೆಯೇ ಕೂರಿಸಿ.

‘ಇಲ್ಲೇ ಇದ್ದೀನಿ’ ಅನ್ನೋದಕ್ಕೆ ‘ಐ ಆಮ್ ಹಿಯರ್ ಓನ್ಲಿ’ ಅನ್ನಬೇಡಿ. ನಮ್ಮ ‘ಏ’ಗೆ ಇಂಗ್ಲಿಷ್‌ನಲ್ಲಿ ಒಂದೇ ಪದ ಇಲ್ಲ. ಒಮ್ಮೆ ‘ರೈಟ್ ಹಿಯರ್’ ಆಗುತ್ತೆ, ಒಮ್ಮೆ ಬರೀ ದನಿಯ ಒತ್ತಾಗುತ್ತೆ. ‘ಮಾತ್ರ’ ಅನ್ನೋ ಅರ್ಥ ಇದ್ದರಷ್ಟೇ ‘ಓನ್ಲಿ’.

‘ಆಲ್ಮೋಸ್ಟ್’, ‘ನಿಯರ್ಲಿ’ ಕೂಡ ಇದೇ ಜಾತಿ. ‘ಐ ಸ್ಪೆಂಟ್ ಆಲ್ಮೋಸ್ಟ್ ಫೈವ್ ಹಂಡ್ರೆಡ್ ರುಪೀಸ್’ ಅಂದ್ರೆ ಐನೂರರ ಹತ್ತಿರ ಖರ್ಚಾಯಿತು. ‘ಐ ಆಲ್ಮೋಸ್ಟ್ ಸ್ಪೆಂಟ್’ ಅಂದ್ರೆ ಇನ್ನೇನು ಖರ್ಚಾಗುತ್ತಿತ್ತು, ಉಳಿಯಿತು.

ಇದರ ಜೊತೆಗೆ ‘ನಾಟ್’. ‘ಎಲ್ಲಾ ಹುಡುಗರೂ ಬಂದಿಲ್ಲ.’ ಯಾರೂ ಬಂದಿಲ್ವಾ, ಕೆಲವರು ಬಂದಿಲ್ವಾ? ಕನ್ನಡದಲ್ಲೇ ಎರಡೂ ಅರ್ಥ ಇದೆ. ‘ಆಲ್ ದಿ ಬಾಯ್ಸ್ ಹ್ಯಾವ್ ನಾಟ್ ಕಮ್’ ಅಂದರೆ ಅದೇ ಗೊಂದಲ ಇಂಗ್ಲಿಷಿಗೂ ಹೋಗುತ್ತೆ. ಕೆಲವರು ಬಂದಿದ್ದರೆ ‘ನಾಟ್ ಆಲ್ ದಿ ಬಾಯ್ಸ್ ಹ್ಯಾವ್ ಕಮ್’. ಒಬ್ಬರೂ ಇಲ್ಲದಿದ್ದರೆ ‘ನನ್ ಆಫ್ ದಿ ಬಾಯ್ಸ್ ಹ್ಯಾವ್ ಕಮ್’.

ಹಂತ 8: ನೇತಾಡುವ ಐಎನ್‌ಜಿಗೆ ‘ಉತ್ತಾ’ ಪರೀಕ್ಷೆ

‘ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಸ್ಟಾರ್ಟೆಡ್.’ ಓದೋಕೆ ಏನೂ ಅನಿಸಲ್ಲ. ಎಸ್‌ಎಸ್‌ಸಿಯವರು ಡಿಗ್ರಿ ಆದವರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ ಇರುತ್ತೆ, ತಪ್ಪಿಗೆ ಅರ್ಧ ಅಂಕ ಕಡಿಯುತ್ತಾರೆ. ಇಂಥ ವಾಕ್ಯ ಬಂದಾಗ ‘ನೋ ಎರರ್’ ಒತ್ತಿ ಅಂಕ ಕಳೆದುಕೊಂಡವರು ನನ್ನಲ್ಲೇ ಹತ್ತಾರು ಜನ ಇದ್ದಾರೆ.

ಇಂಗ್ಲಿಷ್ ವ್ಯಾಕರಣದ ಹೆಸರು ಮರೆತುಬಿಡಿ. ಐಎನ್‌ಜಿ ತುಂಡನ್ನು ಕನ್ನಡದ ‘ಉತ್ತಾ’ಗೆ ತಿರುಗಿಸಿ: ‘ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಮಳೆ ಶುರುವಾಯಿತು.’ ನಗು ಬಂತಲ್ವಾ? ಮಳೆ ನಡೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಿದೆ! ಕನ್ನಡದ ‘ಉತ್ತಾ’ ತನ್ನ ಕರ್ತೃವನ್ನೇ ಮುಂದಿನ ಕ್ರಿಯೆಗೂ ಕೇಳುತ್ತೆ. ಇಂಗ್ಲಿಷ್‌ನ ಐಎನ್‌ಜಿ ತುಂಡೂ ಅದನ್ನೇ ಕೇಳುತ್ತೆ. ಕಾಮಾ ಆದ ಮೇಲೆ ಬರುವ ಮೊದಲ ಹೆಸರೇ ಆ ಕೆಲಸ ಮಾಡಿದವರು.

ತಿದ್ದೋಕೆ ಎರಡು ದಾರಿ. ಕಾಮಾ ನಂತರ ಸರಿಯಾದ ಆಳನ್ನು ತನ್ನಿ: ‘ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ಐ ಗಾಟ್ ವೆಟ್.’ ಇಲ್ಲವೇ ಐಎನ್‌ಜಿ ತುಂಡಿಗೇ ಆಳನ್ನು ಕೊಡಿ: ‘ವೈಲ್ ಐ ವಾಸ್ ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಸ್ಟಾರ್ಟೆಡ್.’ ಎರಡನೆಯದು ನಮ್ಮ ‘ನಾನು ನಡೆಯುತ್ತಿರುವಾಗ’. ‘ಆಗ’ ಬಂದರೆ ಕರ್ತೃ ಬೇರೆ ಆಗಬಹುದು. ‘ಉತ್ತಾ’ ಬಂದರೆ ಆಗಲ್ಲ. ನನಗೆ ಎರಡನೇ ದಾರಿಯೇ ಇಷ್ಟ. ಅದರಲ್ಲಿ ಜಾರೋದು ಕಡಿಮೆ.

ಮತ್ತೆ ದುರ್ಗದ ಕೋಟೆಗೆ ಬನ್ನಿ. ಪ್ರವಾಸದ ಬಗ್ಗೆ ಬರೆಯಿರಿ ಅಂದಾಗ ಒಬ್ಬ ಹುಡುಗ ಬರೆದಿದ್ದ: ‘ಕಮಿಂಗ್ ಥ್ರೂ ದಿ ಹೋಲ್, ಓಬವ್ವ ಹಿಟ್ ದಿ ಸೋಲ್ಜರ್ಸ್.’ ವ್ಯಾಕರಣದ ಕಣ್ಣಿಗೆ ಇದು ಸರಿಯಾದ ವಾಕ್ಯ. ಅದೇ ಅಪಾಯ. ‘ಉತ್ತಾ’ ಹಾಕಿ: ‘ಕಿಂಡಿಯಲ್ಲಿ ನುಸುಳುತ್ತಾ ಓಬವ್ವ ಸೈನಿಕರನ್ನು ಹೊಡೆದಳು.’ ಕಿಂಡಿಯಲ್ಲಿ ನುಸುಳಿದ್ದು ಹೈದರಾಲಿಯ ಸೈನಿಕರು, ಒಳಗೆ ಒನಕೆ ಹಿಡಿದು ನಿಂತವಳು ಓಬವ್ವ. ‘ಆ್ಯಸ್ ದಿ ಸೋಲ್ಜರ್ಸ್ ಕೇಮ್ ಥ್ರೂ ದಿ ಹೋಲ್, ಓಬವ್ವ ಹಿಟ್ ದೆಮ್ ವಿತ್ ಎ ಪೆಸಲ್.’ ಈಗ ಎಲ್ಲರೂ ಅವರವರ ಜಾಗದಲ್ಲಿದ್ದಾರೆ.

‘ಹ್ಯಾವಿಂಗ್ ಈಟನ್’ ತರಹದ ತುಂಡಿಗೆ ‘ತಿಂದು’ ರೂಪ ಹಾಕಿ ನೋಡಬಹುದು. ‘ಹ್ಯಾವಿಂಗ್ ಈಟನ್ ದಿ ದೋಸೆ, ದಿ ಬಿಲ್ ಕೇಮ್.’ ‘ದೋಸೆ ತಿಂದು ಬಿಲ್ ಬಂತು.’ ತಪ್ಪು ಅಂತ ಕಿವಿಗೆ ಗೊತ್ತಾಗುತ್ತೆ. ಆದ್ರೆ ಈ ರೂಪವನ್ನು ಪೂರ್ತಿ ನಂಬಬೇಡಿ. ‘ಮಳೆ ಬಂದು ಕೆರೆ ತುಂಬಿತು’ ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಕಾರಣ ಹೇಳುವಾಗ ಕನ್ನಡ ಇಷ್ಟು ಸಡಿಲ ಕೊಡುತ್ತೆ, ಇಂಗ್ಲಿಷ್ ಕೊಡಲ್ಲ. ‘ಉತ್ತಾ’ ಪರೀಕ್ಷೆ ಇದಕ್ಕಿಂತ ಗಟ್ಟಿ.

ಇನ್ನು ಚಿಲ್ಲರೆ ವಿಷಯಗಳು. ‘ಆಲ್ವೇಸ್’, ‘ಯೂಶುವಲಿ’, ‘ಆಫನ್’ ಮುಖ್ಯ ಕ್ರಿಯಾಪದದ ಮುಂದೆ, ಆದ್ರೆ ‘ಆಮ್, ಈಸ್, ಆರ್’ ಇದ್ದರೆ ಅದರ ಹಿಂದೆ: ‘ಹಿ ಆಲ್ವೇಸ್ ಕಮ್ಸ್ ಲೇಟ್’, ‘ಹಿ ಈಸ್ ಆಲ್ವೇಸ್ ಲೇಟ್’. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ‘ವೆರಿ ಮಚ್’ ತೂರಿಸಬೇಡಿ: ‘ಐ ಲೈಕ್ ದೋಸೆ ವೆರಿ ಮಚ್’. ಎರಡೂ ಕಡೆ ಕಣ್ಣು ಹೊಡೆಯುವ ಪದಗಳನ್ನು ಗಮನಿಸಿ: ‘ಸ್ಟೂಡೆಂಟ್ಸ್ ಹೂ ಪ್ರ್ಯಾಕ್ಟೀಸ್ ಆಫನ್ ಇಂಪ್ರೂವ್’. ಪದೇ ಪದೇ ಅಭ್ಯಾಸವೋ, ಪದೇ ಪದೇ ಸುಧಾರಣೆಯೋ? ‘ಹೂ ಆಫನ್ ಪ್ರ್ಯಾಕ್ಟೀಸ್’ ಅಂತ ಒಂದು ಕಡೆಗೆ ಸರಿಸಿಬಿಡಿ.

ಹಂತ 9: ಒಂದು ಕಾಗದ ತಿದ್ದೋಣ

ಕಳೆದ ತಿಂಗಳು ಒಬ್ಬ ಹುಡುಗಿ ಇಂಟರ್ವ್ಯೂಗೆ ಅಂತ ತನ್ನ ಪರಿಚಯ ಬರೆದುಕೊಂಡು ಬಂದಳು.

‘ಐ ಆಮ್ ಲಿವಿಂಗ್ ಇನ್ ದಾವಣಗೆರೆ ಸಿನ್ಸ್ ಟೆನ್ ಇಯರ್ಸ್. ಐ ಹ್ಯಾಡ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022. ಐ ಓನ್ಲಿ ವರ್ಕ್ಡ್ ಇನ್ ಎ ಕ್ಲಾತ್ ಶಾಪ್ ಫಾರ್ ಸಿಕ್ಸ್ ಮಂತ್ಸ್. ವರ್ಕಿಂಗ್ ದೇರ್, ಮೈ ಇಂಗ್ಲಿಷ್ ಇಂಪ್ರೂವ್ಡ್. ಡೈಲಿ ಐ ವಿಲ್ ರೀಡ್ ದಿ ನ್ಯೂಸ್‌ಪೇಪರ್. ಇಫ್ ಐ ವಿಲ್ ಗೆಟ್ ದಿಸ್ ಜಾಬ್, ಐ ವಿಲ್ ಡು ಮೈ ಬೆಸ್ಟ್.’

ಎರಡನೇ ವಾಕ್ಯ ನೋಡಿ ನನಗೆ ನನ್ನ ಹಳೇ ಇಂಟರ್ವ್ಯೂ ನೆನಪಾಯಿತು. ಕೆಂಪು ಪೆನ್ನು ಅವಳ ಕೈಗೇ ಕೊಟ್ಟೆ. ಮೊದಲು ಸಮಯದ ಪದಗಳಿಗೆಲ್ಲ ಸುತ್ತು ಹಾಕಿಸಿದೆ: ಟೆನ್ ಇಯರ್ಸ್, ಇನ್ 2022, ಸಿಕ್ಸ್ ಮಂತ್ಸ್, ಡೈಲಿ. ಹತ್ತು ವರ್ಷವನ್ನು ಎಣಿಸಬೇಕು, ಆದ್ದರಿಂದ ‘ಫಾರ್’. ಎಳೆ ಈಗಲೂ ಇದೆ, ಆದ್ದರಿಂದ ‘ಹ್ಯಾವ್’. 2022 ಮುಗಿದ ಸಮಯ, ಅಲ್ಲಿ ‘ಹ್ಯಾಡ್’ಗೆ ಜೊತೆ ಯಾರೂ ಇಲ್ಲ, ಅದನ್ನು ಹೊಡೆದಳು. ಡೈಲಿ ಇದ್ದ ಕಡೆ ‘ವಿಲ್’ ಹೋಯಿತು. ‘ಇಫ್’ ಪಕ್ಕದ ‘ವಿಲ್’ ಕೂಡ ಹೋಯಿತು. ‘ಮಾತ್ರ’ ಯಾವುದಕ್ಕಮ್ಮ ಅಂದೆ. ‘ಆರು ತಿಂಗಳಿಗೆ ಸರ್’ ಅಂದಳು. ‘ಓನ್ಲಿ’ ಸಿಕ್ಸ್ ಮುಂದೆ ಹೋಗಿ ಕೂತಿತು. ಕೊನೆಗೆ ‘ಉತ್ತಾ’ ಪರೀಕ್ಷೆ: ‘ಅಲ್ಲಿ ಕೆಲಸ ಮಾಡುತ್ತಾ ನನ್ನ ಇಂಗ್ಲಿಷ್ ಸುಧಾರಿಸಿತು.’ ಎರಡು ಸಲ ಮೆಲ್ಲಗೆ ಹೇಳಿಕೊಂಡು, ‘ಇಂಗ್ಲಿಷ್ ಬಟ್ಟೆ ಅಂಗಡೀಲಿ ಕೆಲಸ ಮಾಡ್ತಾ ಸರ್?’ ಅಂತ ನಕ್ಕಳು.

ತಿದ್ದಿದ್ದು ಹೀಗಿತ್ತು:

‘ಐ ಹ್ಯಾವ್ ಲಿವ್ಡ್ ಇನ್ ದಾವಣಗೆರೆ ಫಾರ್ ಟೆನ್ ಇಯರ್ಸ್. ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022. ಐ ವರ್ಕ್ಡ್ ಇನ್ ಎ ಕ್ಲಾತ್ ಶಾಪ್ ಫಾರ್ ಓನ್ಲಿ ಸಿಕ್ಸ್ ಮಂತ್ಸ್. ವೈಲ್ ಐ ವಾಸ್ ವರ್ಕಿಂಗ್ ದೇರ್, ಮೈ ಇಂಗ್ಲಿಷ್ ಇಂಪ್ರೂವ್ಡ್. ಐ ರೀಡ್ ದಿ ನ್ಯೂಸ್‌ಪೇಪರ್ ಎವೆರಿ ಡೇ. ಇಫ್ ಐ ಗೆಟ್ ದಿಸ್ ಜಾಬ್, ಐ ವಿಲ್ ಡು ಮೈ ಬೆಸ್ಟ್.’

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: ‘ಸರ್, ಲಿವ್ಡ್ ಅಂದ್ರೆ ಇಲ್ಲಿದ್ದೆ, ಈಗ ಇಲ್ಲ ಅಂತ ಅನ್ಸಲ್ವಾ?’ ಒಳ್ಳೇ ಪ್ರಶ್ನೆ. ಬರೀ ‘ಐ ಲಿವ್ಡ್’ ಅಂದಿದ್ದರೆ ಹಾಗೇ ಅನಿಸುತ್ತಿತ್ತು. ಮುಂದೆ ‘ಹ್ಯಾವ್’ ಇದೆ, ಪಕ್ಕದಲ್ಲಿ ‘ಫಾರ್ ಟೆನ್ ಇಯರ್ಸ್’ ಇದೆ, ಅದಕ್ಕೇ ಈಗಲೂ ಇದ್ದೀಯ ಅಂತ ಅರ್ಥ ಅಂದೆ. ಅವಳಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ. ಹಾಗಿದ್ರೆ ‘ಐ ಹ್ಯಾವ್ ಬೀನ್ ಲಿವಿಂಗ್’ ಅಂತ ಬರಿ, ಅದೂ ಸರಿಯೇ, ಯಾರಿಗೂ ಅನುಮಾನ ಬರಲ್ಲ ಅಂದೆ. ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು, ಪೆನ್ನು ಇಸಿದುಕೊಂಡು, ಮೊದಲ ಸಾಲನ್ನು ಹೊಡೆದು ಹೊಸದಾಗಿ ಬರೆದುಕೊಂಡು ಹೋದಳು.